ಹಣೆಗೆ ಹಿಡಿಯುವ ಥರ್ಮಾಮೀಟರ್ ಬಗ್ಗೆ ಭಯ ಬೇಡ

ಸಂಪಾದಕರೇ,

ಹಣೆಗೆ ಹಿಡಿದು ಜ್ವರ ನೋಡುವ ಥರ್ಮಾಮೀಟರ್ ಮಿದುಳಿಗೆ ಕಿರಣ ಬಿಡುತ್ತದೆ ಎಂಬ ಭಯ ಇನ್ನೂ ಹೋಗಿಲ್ಲ. ಅದು ಬಿಡುವುದಲ್ಲ, ಪಡೆಯುವುದು! ನಮ್ಮ ಮೈ ಸದಾ ಇನ್‌ಫ್ರಾರೆಡ್ ಕಿರಣ (ಕಣ್ಣಿಗೆ ಕಾಣದ, ಶಾಖ ಒಯ್ಯುವ ಬೆಳಕು) ಸೂಸುತ್ತದೆ, ಹೆಚ್ಚಿನದು ಸುಮಾರು 10 ಮೈಕ್ರೋಮೀಟರ್ ಅಲೆಯುದ್ದದ್ದು, ಥರ್ಮಾಮೀಟರ್‌ನೊಳಗಿನ ಡಿಟೆಕ್ಟರ್ ಅದನ್ನು ಹೀರಿ ತುಸು ಬಿಸಿಯಾಗಿ ಪುಟ್ಟ ವಿದ್ಯುತ್ ಸಂಕೇತ ಕೊಡುತ್ತದೆ, ಅಷ್ಟೇ. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಈ ಕಿರಣವನ್ನು ಕಂಡುಹಿಡಿದದ್ದೂ ಥರ್ಮಾಮೀಟರ್‌ನಿಂದಲೇ ಅಲ್ವಾ?

ಜನ ಬಂದರೆ ತಾನೇ ಹೊತ್ತುವ ದೀಪವೂ ಇದೇ ಕಿರಣ ಪಡೆಯುತ್ತದೆ. ಅದರಲ್ಲಿರುವ ಹರಳು ಶಾಖ ಬದಲಾದಾಗ ಮಾತ್ರ ಸಂಕೇತ ಕೊಡುತ್ತದೆ, ಅದಕ್ಕೇ ಅಲುಗಾಡದೆ ಕೂತರೆ ದೀಪ ಆರಿಹೋಗುತ್ತದೆ. ಅದು ಕೆಟ್ಟಿರುವುದಿಲ್ಲ. ಇದೇ ಕಿರಣದಿಂದ ಚಿತ್ರ ತೆಗೆಯುವ ಥರ್ಮಲ್ ಕ್ಯಾಮೆರಾ ಗೋಡೆಯಾಚೆ ನೋಡುತ್ತದೆ ಅನ್ನುವುದೂ ಸುಳ್ಳು, ಮಾಮೂಲಿ ಕಿಟಕಿ ಗಾಜೇ ಈ ಕಿರಣವನ್ನು ತಡೆಯುತ್ತದೆ. ಹಾಗಾಗಿ ಅದರ ಲೆನ್ಸನ್ನು ಹೆಚ್ಚಾಗಿ ಈ ಕಿರಣವನ್ನು ಒಳಬಿಡುವ ಜರ್ಮೇನಿಯಂ ಎಂಬ ಮೂಲವಸ್ತುವಿನಿಂದ ಮಾಡುತ್ತಾರೆ.

ದಯವಿಟ್ಟು ಇಂಥ ವಿಷಯಗಳನ್ನು ಚಿತ್ರದ ಜೊತೆ ಜಾಸ್ತಿ ಬರೆಯಿರಿ.

— ಒಬ್ಬ ಓದುಗ