ಹೆಡ್‌ಗಾರ್ಡ್ ಕಟ್ಟಿಕೊಂಡು ಮತ್ತೆ ಗೋಲಿಗೆ: ಕೆಲವರಿಗೆ ಧನ್ಯವಾದ

ತಿಂಗಳುಗಳ ಹಿಂದೆ ಫುಟ್‌ಬಾಲ್ ಪಂದ್ಯದಲ್ಲಿ ಡಿಕ್ಕಿಯಾಗಿ ತಲೆಗೆ ಪೆಟ್ಟಾಗಿತ್ತಲ್ಲ, ಮತ್ತೆ ಆಡಿದೆಯಾ, ತಲೆ ಹೇಗಿದೆ ಅಂತ ಕೇಳಿದ ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯಲು ಆಗುತ್ತಿಲ್ಲ, ಅದಕ್ಕೇ ಒಟ್ಟಿಗೆ ಇಲ್ಲೇ ಬರೆಯುತ್ತಿದ್ದೇನೆ. ಹೌದು, ಭಾನುವಾರ ಆಡಿದೆ. ಪೂರ್ತಿ ಪಂದ್ಯ ನಾನೇ ಗೋಲ್‌ಕೀಪರ್. ತಲೆ ಚೆನ್ನಾಗಿದೆ. ಗೆದ್ದಿರಾ ಅಂತ ಕೇಳಿದವರಿಗೆ ಹೇಳಿಬಿಡುತ್ತೇನೆ, ಸೋತೆವು. ಮನೆಗೆ ಬಂದವನ ಮುಖ ನೋಡಿ ನನ್ನ ಹೆಂಡತಿ, "ಕಪ್ ಗೆದ್ದು ಬಂದವರ ಹಾಗಿದೀರಲ್ಲ" ಅಂದಳು. ಇಷ್ಟು ತಿಂಗಳು ನನ್ನ ಸಿಡುಕು ಸಹಿಸಿದವಳಿಗೆ ಮೊದಲ ಧನ್ಯವಾದ.

ಆಮೇಲೆ ಡಾಕ್ಟರಿಗೆ. "ಯಾವಾಗ ಆಡಬಹುದು" ಅಂತ ಹೋದಾಗಲೆಲ್ಲ ಕೇಳಿದೆ. ಒಂದು ಸಲವೂ ಬೇಸರಿಸದೆ "ಇನ್ನೂ ಬೇಡ" ಅಂದರು. ಕೊನೆಗೆ ಒಪ್ಪಿದಾಗಲೂ ಷರತ್ತು ಹಾಕಿದರು, ತಲೆ ಕಾಯುವ ಮೆತ್ತನೆಯ ಹೆಡ್‌ಗಾರ್ಡ್ ಇಲ್ಲದೆ ಮೈದಾನಕ್ಕೆ ಇಳಿಯಕೂಡದು. ಅವತ್ತು ನನ್ನ ಜೊತೆ ಡಿಕ್ಕಿಯಾದ ಸ್ಟ್ರೈಕರ್‌ಗೂ ಹೇಳಬೇಕು. ತಮ್ಮಾ, ಚೆಂಡು ಇಬ್ಬರದೂ ಆಗಿತ್ತು, ನೀನೂ ಓಡಿದೆ, ನಾನೂ ಬಿದ್ದೆ. ಆಸ್ಪತ್ರೆಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟಿದ್ದೆಯಲ್ಲ, ಇನ್ನಾದರೂ ಅದನ್ನು ಮನಸ್ಸಿನಿಂದ ತೆಗೆದುಹಾಕು.

ಇನ್ನೊಬ್ಬರಿದ್ದಾರೆ. ಅವರು ಇದನ್ನು ಓದುವುದಿಲ್ಲ. ಅವರಿಗೆ ಹಲವು ಭಾಷೆ ಬರುತ್ತದಂತೆ, ಆದರೂ ಕನ್ನಡ ಬಂದೀತು ಅನ್ನಿಸುವುದಿಲ್ಲ. ಗೋಲ್‌ಕೀಪರ್ ಪೆಟ್ರ್ ಚೆಕ್. ಜೆಕ್ ಗಣರಾಜ್ಯಕ್ಕೆ 124 ಪಂದ್ಯ ಆಡಿದವರು, ಆ ದೇಶದಲ್ಲಿ ಅಷ್ಟು ಪಂದ್ಯ ಬೇರೆ ಯಾರೂ ಆಡಿಲ್ಲ. ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನಲ್ಲಿ ಹನ್ನೊಂದು ವರ್ಷ, ಆಮೇಲೆ ಆರ್ಸೆನಲ್‌ನಲ್ಲಿ ನಾಲ್ಕು.

2006ರ ಅಕ್ಟೋಬರ್ 14ರಂದು ರೆಡಿಂಗ್‌ನಲ್ಲಿ ಆಟ ಶುರುವಾಗಿ ನಿಮಿಷವೂ ಆಗಿರಲಿಲ್ಲ. ಚೆಂಡಿಗೆ ಬಿದ್ದ ಚೆಕ್ ಅವರ ತಲೆಗೆ ಎದುರಾಳಿಯ ಮೊಣಕಾಲು ಬಡಿಯಿತು. ತಲೆಬುರುಡೆ ಒಳಕ್ಕೆ ಕುಸಿಯುವಂಥ ಫ್ರಾಕ್ಚರ್, ಆಪರೇಷನ್ ಆಯಿತು. ಅವರ ಬದಲಿಗೆ ಬಂದ ಕಾರ್ಲೊ ಕುಡಿಚಿನಿಯೂ ಏಟು ತಿಂದು ಹೊರಹೋಗಿ, ಕೊನೆಗೆ ಡಿಫೆಂಡರ್ ಜಾನ್ ಟೆರ್ರಿ ಕೈಗವಸು ಹಾಕಿಕೊಂಡು ಗೋಲಿಗೆ ನಿಂತರು. ಆಂಬ್ಯುಲೆನ್ಸ್ ತಡವಾಯಿತೆಂದು ಅಲ್ಲಿ ದೊಡ್ಡ ಗಲಾಟೆಯೇ ಆಯಿತು. ನಮ್ಮ ಮಟ್ಟದ ಆಟದಲ್ಲಿ ಆಂಬ್ಯುಲೆನ್ಸ್ ಎಲ್ಲಿಂದ ಬರಬೇಕು? ನನ್ನನ್ನು ಎದುರಾಳಿ ತಂಡದ ಕೋಚ್ ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದರು. ಸರ್, ಸೀಟಿನ ಮೇಲಿನ ರಕ್ತದ ಕಲೆ ಹೋಗಲಿಲ್ಲ ಅಂತ ಕೇಳಿದೆ. ಋಣ ನನ್ನ ಮೇಲಿದೆ.

ಮೂರು ತಿಂಗಳು ದಾಟುತ್ತಲೇ, 2007ರ ಜನವರಿ 20ರಂದು, ಚೆಕ್ ರಗ್ಬಿಯವರು ಹಾಕುವಂಥ ಕಪ್ಪು ಹೆಡ್‌ಗಾರ್ಡ್ ಕಟ್ಟಿಕೊಂಡು ಲಿವರ್‌ಪೂಲ್ ವಿರುದ್ಧ ವಾಪಸು ಬಂದರು. ಅವತ್ತು ಚೆಲ್ಸಿ 2-0ಯಿಂದ ಸೋತಿತು. ಭಾನುವಾರ ರಾತ್ರಿ ನಾನು ಇದನ್ನೇ ಹೇಳಿಕೊಂಡು ಸಮಾಧಾನ ಪಟ್ಟೆ, ನಗಬೇಡಿ.

ಮರಳಿ ಬಂದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಾನು ಋಣಿಯಾಗಿರುವುದು ಅದರಾಚೆಯ ಹನ್ನೆರಡು ವರ್ಷಗಳಿಗೆ. ಆ ಹೆಡ್‌ಗಾರ್ಡನ್ನು ಅವರು ಪಂದ್ಯಗಳಲ್ಲಿ ತೆಗೆಯಲೇ ಇಲ್ಲ. 2019ರ ಮೇ 29ರಂದು ಬಾಕುವಿನಲ್ಲಿ, ತಮ್ಮ ಹಳೆಯ ಚೆಲ್ಸಿಯ ಎದುರೇ ಕೊನೆಯ ಪಂದ್ಯ ಆಡಿ ಸೋತಾಗಲೂ ಅದು ತಲೆಯ ಮೇಲೇ ಇತ್ತು. ನನಗೆ ಅದನ್ನು ಕಟ್ಟಿಕೊಳ್ಳುವುದೇ ನಾಚಿಕೆಯಾಗಿತ್ತು. "ಅಂಕಲ್, ಬೈಕ್ ಎಲ್ಲಿ?" ಅಂತ ಹುಡುಗರು ಛೇಡಿಸುತ್ತಿದ್ದರು. ಪ್ರೀಮಿಯರ್ ಲೀಗ್‌ನಲ್ಲಿ 202 ಕ್ಲೀನ್ ಶೀಟ್, ಅಂದರೆ ಒಂದೂ ಗೋಲು ಬಿಟ್ಟುಕೊಡದ ಪಂದ್ಯ, ಇರುವ, ಆ ದಾಖಲೆಯನ್ನೇ ಬರೆದ ಮನುಷ್ಯ, "ನನಗೆ ಪೆಟ್ಟಾಗಿತ್ತು, ಮತ್ತೆ ಆಗಬಹುದು" ಅನ್ನುವುದನ್ನು ಜಗತ್ತಿನೆದುರು ತಲೆಯ ಮೇಲೇ ಕಟ್ಟಿಕೊಂಡು ಓಡಾಡಿದರೆ, ನನ್ನದೇನು ಮರ್ಯಾದೆ ಹೋಗುವಂಥದ್ದು?

ಗೋಲಿಗೆ ನಿಲ್ಲದವರಿಗೆ ಒಂದು ಮಾತು. ಏಟು ತಿಂದ ಕೀಪರ್‌ಗೆ ದೂರದ ಹೊಡೆತದಿಂದ ಭಯವಿಲ್ಲ. ಸ್ಟ್ರೈಕರ್ ಒಬ್ಬನೇ ನುಗ್ಗಿ ಬಂದಾಗ ಅವನ ಕಾಲ ಬುಡಕ್ಕೆ ಬೀಳಬೇಕಲ್ಲ, ಅಲ್ಲಿದೆ ಭಯ. ಎರಡೂ ಕೈ ಮುಂದಿರಬೇಕು, ತಲೆ ತೋಳುಗಳ ಹಿಂದೆ, ಕಣ್ಣು ಚೆಂಡಿನ ಮೇಲೆ. ಇದೆಲ್ಲ ಗೊತ್ತು. ಆದರೆ ಪೆಟ್ಟಾದ ಮೇಲೆ ಮೈ ಮಾತು ಕೇಳುವುದಿಲ್ಲ, ಮುಖ ತಾನಾಗಿಯೇ ಪಕ್ಕಕ್ಕೆ ತಿರುಗುತ್ತದೆ, ಕೈ ಒಂದು ಗಳಿಗೆ ತಡವಾಗುತ್ತದೆ, ಅಷ್ಟರಲ್ಲಿ ಗೋಲು. ಹಾಸಿಗೆಯಲ್ಲಿದ್ದಾಗ ಚೆಕ್ ಅವರ 2007ರ ನಂತರದ ಪಂದ್ಯಗಳನ್ನು ಇದೊಂದನ್ನೇ ನೋಡಲು ಹಾಕುತ್ತಿದ್ದೆ: ಈಗಲೂ ಕಾಲಿಗೆ ಬೀಳುತ್ತಾರಾ? ಬೀಳುತ್ತಿದ್ದರು. ಮುಖ ತಿರುಗಿಸದೆ.

ಹಾಗೆಂದು ಎಲ್ಲವೂ ಅವರ ಕೈಗೆ ಸಿಗುತ್ತಿತ್ತು ಅಂತಲ್ಲ. 2008ರ ಮೇನಲ್ಲಿ ಮಾಸ್ಕೋದಲ್ಲಿ ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಫೈನಲ್ ಚೆಲ್ಸಿಯ ಕೈಯಿಂದ ಪೆನಾಲ್ಟಿಯಲ್ಲಿ ಹೋಯಿತು. ಮರುತಿಂಗಳು ಜಿನೀವಾದಲ್ಲಿ ಯೂರೋ ಪಂದ್ಯ, ಟರ್ಕಿ ವಿರುದ್ಧ 2-0 ಮುಂದಿದ್ದ ಜೆಕ್ ತಂಡ 3-2ರಿಂದ ಸೋತು ಮನೆಗೆ ಹೋಯಿತು. ಸಮಬಲದ ಗೋಲು ಬಂದದ್ದು ಮೈದಾನದ ಅಂಚಿನಿಂದ ಗೋಲಿನ ಮುಂದಕ್ಕೆ ಎತ್ತಿ ಹಾಕಿ, ಚೆಕ್ ಕೈಯಿಂದ ಜಾರಿದ ಒಂದು ಕ್ರಾಸ್‌ನಿಂದ. ಸಾಮಾನ್ಯ ಕ್ರಾಸ್, ದಿನವೂ ಹಿಡಿಯುವಂಥದ್ದು. ಸ್ಟ್ರೈಕರ್ ಹತ್ತು ಅವಕಾಶ ಹಾಳುಮಾಡಿ ಒಂದು ಗೋಲು ಹೊಡೆದರೆ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಗೋಲ್‌ಕೀಪರ್‌ನ ಲೆಕ್ಕವೇ ಬೇರೆ.

ನಾಲ್ಕು ವರ್ಷ ಕಳೆದು 2012ರ ಮೇ 19, ಮ್ಯೂನಿಕ್, ಮತ್ತೆ ಚಾಂಪಿಯನ್ಸ್ ಲೀಗ್ ಫೈನಲ್. ಎದುರಿಗೆ ಬಯರ್ನ್, ಅದೂ ಅವರದೇ ಮೈದಾನದಲ್ಲಿ. ಹೆಚ್ಚುವರಿ ಸಮಯದಲ್ಲಿ ಅರ್ಯೆನ್ ರೊಬೆನ್ ಪೆನಾಲ್ಟಿ ಹೊಡೆದರು. ಒಂದು ಕಾಲದಲ್ಲಿ ಚೆಲ್ಸಿಯಲ್ಲಿ ಚೆಕ್ ಜೊತೆಗೇ ಆಡಿದವರು. ಚೆಕ್ ಸರಿಯಾದ ಕಡೆಗೇ ಜಿಗಿದರು, ಚೆಂಡು ಒಂದೇ ಸಲಕ್ಕೆ ಹಿಡಿತಕ್ಕೆ ಬರಲಿಲ್ಲ, ಎರಡನೇ ಸಲ ಮೈಯಡಿ ಒತ್ತಿ ಹಿಡಿದರು. ಶೂಟೌಟ್‌ನಲ್ಲಿ ಒಲಿಚ್ ಹೊಡೆತ ತಡೆದರು, ಶ್ವೈನ್‌ಸ್ಟೈಗರ್ ಹೊಡೆತವನ್ನು ಬೆರಳ ತುದಿಯಿಂದ ಕಂಬಕ್ಕೆ ತಳ್ಳಿದರು, ಕಪ್ ಚೆಲ್ಸಿಗೆ ಬಂತು. ಆ ರಾತ್ರಿ ಎದುರಿಸಿದ ಆರು ಪೆನಾಲ್ಟಿಗೂ ಸರಿಯಾದ ದಿಕ್ಕಿಗೇ ಬಿದ್ದರು. ಅದೃಷ್ಟ ಅನ್ನುವವರು ಅನ್ನಲಿ. 2007ರಿಂದ ಬಯರ್ನ್ ಹೊಡೆದ ಪೆನಾಲ್ಟಿಗಳ ಡಿವಿಡಿ ಹಾಕಿಕೊಂಡು ಕೂತು ನೋಡಿದ್ದರು. ಮಾರನೆಯ ದಿನ ಅವರಿಗೆ ಮೂವತ್ತು ತುಂಬಿತು. ಆ ಹುಟ್ಟುಹಬ್ಬಕ್ಕೆ ಅದಕ್ಕಿಂತ ಉಡುಗೊರೆ ಬೇಕೆ!

ನಿವೃತ್ತಿಯಾದ ಮೇಲಾದರೂ ಸುಮ್ಮನಿದ್ದರಾ? ನಿವೃತ್ತಿಯ ವರ್ಷವೇ, 2019ರ ಅಕ್ಟೋಬರ್‌ನಲ್ಲಿ ಗಿಲ್ಫರ್ಡ್ ಫೀನಿಕ್ಸ್ ತಂಡಕ್ಕೆ ಐಸ್ ಹಾಕಿಯಲ್ಲಿ ಗೋಲಿಯಾಗಿ ನಿಂತರು, ಮೊದಲ ಪಂದ್ಯದಲ್ಲೇ ಶೂಟೌಟ್ ಗೆಲ್ಲಿಸಿಕೊಟ್ಟರು. ಈ ಗೋಲ್‌ಕೀಪರುಗಳಿಗೆ ಬೇರೆ ಕೆಲಸವೇ ತೋಚುವುದಿಲ್ಲ ಅಂತ ನನ್ನ ಹೆಂಡತಿ ಹೇಳುವುದು ಸುಳ್ಳಲ್ಲ.

ಕಡೆಗೆ ನಮ್ಮ ಎರಡನೇ ಕೀಪರ್‌ಗೆ. ನಾನಿಲ್ಲದಾಗ ಗೋಲು ಕಾದವನು ನೀನು, ಚೆನ್ನಾಗಿಯೇ ಕಾದೆ. ಹೆಡ್‌ಗಾರ್ಡ್ ಹಾಕಿಕೊಂಡು ಕ್ರಾಸ್ ಹಿಡಿಯುವುದು ಮತ್ತೆ ರೂಢಿಯಾಗಲಿ ಅಂತ, ನಿನ್ನ ಪ್ರಾಕ್ಟೀಸ್ ಮುಗಿದ ಮೇಲೂ ಕತ್ತಲಾಗುವವರೆಗೆ ಚೆಂಡು ಎತ್ತಿ ಹಾಕುತ್ತಿದ್ದೆ. ನಾನು ವಾಪಸು ಬಂದರೆ ಬೆಂಚಿಗೆ ಹೋಗಬೇಕಾದವನು ನೀನೇ ಅಂತ ನಿನಗೂ ಗೊತ್ತಿತ್ತು. ಮುಂದಿನ ಪಂದ್ಯಕ್ಕೆ ನಿನ್ನನ್ನೇ ಇಳಿಸಿ ಅಂತ ಕೋಚ್‌ಗೆ ಹೇಳಿದ್ದೇನೆ. ಅವರು ಕೇಳುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು.

ಡಿಫೆಂಡರ್‌ಗಳೇ, ನಿಮಗೊಂದು ಕೋರಿಕೆ. ಹೆಡ್‌ಗಾರ್ಡ್ ಕಿವಿಯ ಮೇಲೂ ಬರುತ್ತದೆ, ಬೆವರಿಗೆ ಪಟ್ಟಿ ಬೇರೆ ಬಿಗಿಯುತ್ತದೆ, ಅರ್ಧ ಮಾತು ಕೇಳಿಸುವುದಿಲ್ಲ. ಕಾರ್ನರ್ ಬಂದಾಗ ಹಿಂದೆ ಆಳು ಇದ್ದರೆ ಗಂಟಲು ಹರಿಯುವ ಹಾಗೆ ಕೂಗಿ.