ಕುಲುಕಾಟ ಕಾರಿನದ್ದಾ, ಹಿಂದಿನ ಮಾಲೀಕರದ್ದಾ?

ಮಾನ್ಯ ಸಂಪಾದಕರೇ,

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಎಂಜಿನ್ ಬಗ್ಗೆ, ಕಾಗದಪತ್ರದ ಬಗ್ಗೆ ಹೇಳಿದ್ದೆಲ್ಲ ಸರಿಯಾಗಿತ್ತು. ಆದರೆ ಇಂಥ ಕಾರು ಕೊಂಡರೆ ಸೊಂಟನೋವು ಇದ್ದದ್ದೇ, ಅದಕ್ಕೆ ತಯಾರಾಗಿಯೇ ಕೊಳ್ಳಬೇಕು ಎಂಬ ಧಾಟಿಯಲ್ಲಿ ಮುಗಿದಿತ್ತಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಆ ಮಾತನ್ನೇ ನಂಬಿ ಏಳು ತಿಂಗಳು ಸುಮ್ನೆ ಒದ್ದಾಡಿದವನು ನಾನು.

ನಾನು ಕೊಂಡದ್ದು ಎರಡು ಸೀಟಿನ ಹಳೆಯ ಕೂಪೆ. ನೋಡಲು ಚೆಂದ. ರಸ್ತೆಗೆ ಹಾಕಿದ ಸಣ್ಣ ತೇಪೆಯ ಮೇಲೆ ಹೋದರೂ ಬೆನ್ನಿಗೆ ನೇರ ಏಟು. ಹಂಪ್ ದಾಟಿದರೆ ಮುಂದಿನಿಂದ ಧಡ್ ಅಂತ ಸದ್ದು. ಅಮ್ಮ ಎರಡನೇ ಸಲಕ್ಕೇ "ನಾನು ಇದರಲ್ಲಿ ಬರಲ್ಲಪ್ಪ" ಅಂದುಬಿಟ್ಟರು. ಮಾರಿಬಿಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ಬ್ರೇಕ್ ಪ್ಯಾಡ್ ಬದಲಿಸಲು ಚಕ್ರ ಬಿಚ್ಚಿದ ಮೆಕ್ಯಾನಿಕ್ ನನ್ನನ್ನು ಕರೆದು ತೋರಿಸಿದರು. ಕಾರು ತಗ್ಗಾಗಿ ಕಾಣಲಿ ಅಂತ ಯಾರೋ ಸ್ಪ್ರಿಂಗಿನ ಒಂದೂವರೆ ಸುತ್ತನ್ನೇ ಕತ್ತರಿಸಿದ್ದರು.

ಸ್ಪ್ರಿಂಗ್ ಕತ್ತರಿಸಿದರೆ ಕಾರು ಕೆಳಗಿಳಿಯುತ್ತದೆ ಅಷ್ಟೇ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಸುತ್ತು ಕಡಿಮೆಯಾದಷ್ಟೂ ಉಳಿದ ಸ್ಪ್ರಿಂಗ್ ಬಿಗಿಯಾಗುತ್ತದೆ, ಜೊತೆಗೆ ಚಕ್ರ ಮೇಲೆ ಕೆಳಗೆ ಆಡಲು ಇದ್ದ ಜಾಗವೂ ಹೋಗುತ್ತದೆ. ಶಾಕ್ ಅಬ್ಸಾರ್ಬರ್ ಪೂರ್ತಿ ಒಳಗೆ ಹೋದಾಗ ಲೋಹಕ್ಕೆ ಲೋಹ ಬಡಿಯದ ಹಾಗೆ ಅಲ್ಲೊಂದು ರಬ್ಬರ್ ಅಥವಾ ಫೋಮ್ ತುಂಡು ಇರುತ್ತದೆ, ಅದೇ ಬಂಪ್ ಸ್ಟಾಪ್. ದೊಡ್ಡ ಗುಂಡಿಗೆ ಬಿದ್ದಾಗ ಮಾತ್ರ ಕೆಲಸಕ್ಕೆ ಬರಬೇಕಾದ ವಸ್ತು ಅದು. ನನ್ನ ಕಾರು ನಿಂತ ಜಾಗದಲ್ಲೇ ಅದಕ್ಕೆ ಒರಗಿಕೊಂಡಿತ್ತು. ಅಂದರೆ ಏಳು ತಿಂಗಳು ನಾನು ಸವಾರಿ ಮಾಡಿದ್ದು ಸ್ಪ್ರಿಂಗ್ ಮೇಲಲ್ಲ, ಆ ರಬ್ಬರ್ ತುಂಡಿನ ಮೇಲೆ. ಬೈದದ್ದು ಮಾತ್ರ ಕಾರು ಮಾಡಿದವರನ್ನು.

ಎರಡನೇ ತಪ್ಪು ಚಕ್ರದ್ದು. ಇದು ಎಲ್ಲ ಕಡೆ ಕಾಣುವ ತಪ್ಪು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟೈರಿನ ಮೇಲೆ 205/55 ಆರ್16 ಅಂತ ಬರೆದಿದ್ದರೆ ಅದರ ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ 55, ಅಂದರೆ ಸುಮಾರು 113 ಮಿಲಿಮೀಟರ್. ಕೊನೆಯ 16 ಒಳಗಿನ ಲೋಹದ ಚಕ್ರದ ಅಡ್ಡಳತೆ, ಇಂಚಿನಲ್ಲಿ. ಅದೇ ಕಾರಿಗೆ ಅಂದಕ್ಕೆ ಅಂತ 225/35 ಆರ್19 ಹಾಕಿದರೆ ಆ ಗೋಡೆ 79 ಮಿಲಿಮೀಟರಿಗೆ ಇಳಿಯುತ್ತದೆ. ಟೈರ್ ಸೇರಿ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ, ಆದರೆ ಏಟು ನುಂಗುವ ರಬ್ಬರ್ ಮತ್ತು ಗಾಳಿಯ ಜಾಗದಲ್ಲಿ ಮೂರು ಸೆಂಟಿಮೀಟರಿಗೂ ಜಾಸ್ತಿ ಹೋಯಿತು, ಅಲ್ಲಿ ಲೋಹ ಬಂತು. ದೊಡ್ಡ ಅಲಾಯ್ ಬಹಳ ಸಲ ಭಾರವೂ ಜಾಸ್ತಿ. ಆ ಭಾರ ಸ್ಪ್ರಿಂಗಿನ ಕೆಳಗಿರುವ ಭಾರ. ಗುಂಡಿಗೆ ಇಳಿದು ಎದ್ದ ಭಾರವಾದ ಚಕ್ರವನ್ನು ಹಿಡಿದು ನಿಲ್ಲಿಸಲು ಶಾಕ್ ಅಬ್ಸಾರ್ಬರ್ ಪರದಾಡುತ್ತದೆ, ಆ ಪರದಾಟ ನಮ್ಮ ಸೀಟಿಗೆ ಬರುತ್ತದೆ.

1989ರಲ್ಲಿ ಬಂದ ಮೊದಲ ಮಜ್ದಾ ಎಂಎಕ್ಸ್-5 ಸ್ಪೋರ್ಟ್ಸ್ ಕಾರು ನೋಡಿ, 14 ಇಂಚಿನ ಚಕ್ರ, 185/60 ಟೈರ್. 1996ರ ಲೋಟಸ್ ಎಲೀಸ್‌ಗೆ ಮುಂದೆ 15, ಹಿಂದೆ 16 ಇಂಚು. ಇವೆರಡೂ ತಿರುವಿನಲ್ಲಿ ಕಡಿಮೆ ಕಾರುಗಳಾ? ಲೋಟಸ್‌ನವರ ಹಳೆಯ ಪದ್ಧತಿಯೇ ಹಾಗೆ, ಕಾರು ಹಗುರ ಮಾಡು, ಸ್ಪ್ರಿಂಗ್ ಮೆತ್ತಗಿಡು, ಕಾರನ್ನು ಹಿಡಿತದಲ್ಲಿಡುವ ಕೆಲಸ ಒಳ್ಳೆಯ ಡ್ಯಾಂಪರ್‌ಗೆ, ಅಂದರೆ ಶಾಕ್ ಅಬ್ಸಾರ್ಬರ್‌ಗೆ ಬಿಡು. ಈಚಿನ ಆಲ್ಪೀನ್ ಎ110 ಕೂಡ ಸುಮಾರು 1,100 ಕಿಲೋ ತೂಕದ ಕಾರು, ಮೆತ್ತನೆಯ ಸ್ಪ್ರಿಂಗ್, ಬಂಪ್ ಸ್ಟಾಪ್ ಕೂಡ ಎಣ್ಣೆಯ ಒತ್ತಡದಿಂದ ನಯವಾಗಿ ತಡೆಯುವಂಥದ್ದು. ಬಿಗಿ ಇದ್ದರೇ ಸ್ಪೋರ್ಟ್ಸ್ ಕಾರು ಎಂಬುದು ಮಾರುವವರು ಹಬ್ಬಿಸಿದ ಮಾತು ಅಂತ ನನಗೆ ಬಲವಾಗಿ ಅನಿಸುತ್ತದೆ. ರೇಸ್ ಟ್ರ್ಯಾಕಿಗೆಂದೇ ಮಾಡಿದ ಕೆಲವು ಕಾರುಗಳು ನಿಜಕ್ಕೂ ಗಡುಸು, ಒಪ್ಪುತ್ತೇನೆ, ಆದರೆ ಅವು ಕೆಲವೇ.

ಟೈರಿನ ವಯಸ್ಸನ್ನು ಯಾರೂ ನೋಡುವುದೇ ಇಲ್ಲ. ಹಳೆಯ ಸ್ಪೋರ್ಟ್ಸ್ ಕಾರು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಹಾಗಾಗಿ ಟೈರಿನ ಗೆರೆ ಹೊಸದರಂತೆ ಕಾಣುತ್ತದೆ, ರಬ್ಬರ್ ಮಾತ್ರ ಒಣಗಿ ಗಟ್ಟಿಯಾಗಿರುತ್ತದೆ. ಪಕ್ಕದಲ್ಲಿ ಅಚ್ಚಾದ ತಯಾರಿಕೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿದರೆ ಸಾಕು. 2317 ಅಂತಿದ್ದರೆ 2017ನೇ ಇಸವಿಯ 23ನೇ ವಾರ. ಪಂಕ್ಚರ್ ಆದರೂ ಓಡುವ ರನ್‌ಫ್ಲಾಟ್ ಟೈರ್ ಇದ್ದರೆ ಅದರ ಪಕ್ಕದ ಗೋಡೆಯನ್ನು ಬೇಕಂತಲೇ ಬಿಗಿ ಮಾಡಿರುತ್ತಾರೆ, ಗಾಳಿ ಇಲ್ಲದೆ ಕಾರಿನ ಭಾರ ಹೊರಬೇಕಲ್ವಾ. ಅದನ್ನು ತೆಗೆದು ಸಾಮಾನ್ಯ ಟೈರ್ ಹಾಕಿಸಿದರೆ ಕಾರೇ ಬದಲಾಯಿತೇನೋ ಅನಿಸುವಷ್ಟು ವ್ಯತ್ಯಾಸ ಕಾಣಬಹುದು. ಆದರೆ ಅಂಥ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟೆಪ್ನಿ ಇರುವುದಿಲ್ಲ, ಅದನ್ನು ಯೋಚಿಸಿಯೇ ಬದಲಿಸಬೇಕು. ಇನ್ನು ಗಾಳಿ. ಟೈರಿನ ಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ, ನಾವು ತುಂಬಿಸಬೇಕಾದ್ದಲ್ಲ. ತುಂಬಿಸಬೇಕಾದ್ದು ಹೆಚ್ಚಾಗಿ ಡ್ರೈವರ್ ಬಾಗಿಲಿನ ಕಂಬದ ಮೇಲಿನ ಸ್ಟಿಕರಿನಲ್ಲಿ ಇರುತ್ತದೆ, ಅದೂ ಟೈರ್ ತಣ್ಣಗಿದ್ದಾಗ ನೋಡಬೇಕು. ನನ್ನ ಕಾರಿನ ನಾಲ್ಕೂ ಟೈರಿನಲ್ಲಿ ಗಾಳಿ ಜಾಸ್ತಿ ಇತ್ತು. ಇಳಿಸಲು ಐದು ನಿಮಿಷ ಸಾಕಾಯಿತು.

ಶಾಕ್ ಅಬ್ಸಾರ್ಬರ್ ಸತ್ತರೆ ಕಾರು ಮೆತ್ತಗಾಗುತ್ತದೆ ಅಂತ ನಾನೂ ನಂಬಿದ್ದೆ. ಅರ್ಧ ಮಾತ್ರ ನಿಜ. ಸ್ಪ್ರಿಂಗ್ ಏಟನ್ನು ಹಿಡಿದಿಟ್ಟುಕೊಂಡು ವಾಪಸ್ ಕೊಡುತ್ತದೆ, ಆ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್ ಕೆಲಸ. ಅದು ಸತ್ತಾಗ ಉದ್ದನೆಯ ಉಬ್ಬುಗಳಲ್ಲಿ ಕಾರು ತೇಲುತ್ತದೆ, ಕಿತ್ತುಹೋದ ರಸ್ತೆಯಲ್ಲಿ ಚಕ್ರ ಮಾತ್ರ ಸೆಕೆಂಡಿಗೆ ಹತ್ತು ಹದಿನೈದು ಸಲ ಪಟಪಟ ಬಡಿಯುತ್ತದೆ. ಬಾನೆಟ್ ಮೂಲೆ ಒತ್ತಿ ಬಿಟ್ಟು ನೋಡುವ ಪರೀಕ್ಷೆಗೆ ಪೂರ್ತಿ ಸತ್ತದ್ದು ಸಿಕ್ಕಿಬೀಳುತ್ತದೆ, ಅರ್ಧ ಸತ್ತದ್ದು ಸಿಗುವುದಿಲ್ಲ.

ಸ್ಪ್ರಿಂಗ್ ಬಗ್ಗೆ ಇನ್ನೊಂದು ಮಾತು, ಯಾಕೆಂದರೆ ಇದು ನನಗೆ ತುಂಬಾ ಇಷ್ಟವಾದ ವಿಷಯ. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಮಾರಿಸ್ ಓಲಿ ಎಂಬ ಎಂಜಿನಿಯರ್ ಗಮನಿಸಿದ್ದು ಇದು. ಉಬ್ಬಿಗೆ ಮೊದಲು ಮುಂದಿನ ಚಕ್ರ ಹತ್ತುತ್ತದೆ, ಚೂರು ತಡವಾಗಿ ಹಿಂದಿನದು. ಹಿಂದಿನ ಸ್ಪ್ರಿಂಗಿನ ಏರಿಳಿತ ಸ್ವಲ್ಪ ಚುರುಕಾಗಿದ್ದರೆ ಅದು ಮುಂದಿನದನ್ನು ಹಿಡಿದು ಎರಡೂ ಒಟ್ಟಿಗೆ ಏಳುತ್ತವೆ, ಇಳಿಯುತ್ತವೆ. ಇಲ್ಲದಿದ್ದರೆ ಕಾರು ದೋಣಿ ಥರ ಮುಂದೆ ಹಿಂದೆ ತೂಗುತ್ತದೆ, ತಲೆ ಸುತ್ತುತ್ತದೆ. ಕಾರು ಮಾಡುವವರು ಇಷ್ಟೆಲ್ಲ ಲೆಕ್ಕ ಹಾಕಿ ಕೂರಿಸಿದ ಜೋಡಿಯನ್ನು ಯಾರೋ ಒಂದು ಮಧ್ಯಾಹ್ನ ಮುಂದಿನದನ್ನಷ್ಟೇ ಬದಲಿಸಿ ಕೆಡಿಸುತ್ತಾರೆ.

ಬುಶ್‌ಗಳ ಕಥೆ ಚಿಕ್ಕದು, ಆದರೆ ರಿಪೇರಿ ಮಾಡುವವರು ಓದಲೇಬೇಕು. ಚಕ್ರವನ್ನು ಕಾರಿಗೆ ಜೋಡಿಸುವ ಸಸ್ಪೆನ್ಷನ್ ತೋಳುಗಳ ಕೀಲಿನಲ್ಲಿ ಕೂರುವ ರಬ್ಬರ್ ತುಂಡೇ ಬುಶ್. ಅದನ್ನು ಹೊಸದು ಹಾಕಿದ ಮೇಲೆ ಕೊನೆಯ ಬಿಗಿ ಕೊಡುವಾಗ ಕಾರಿನ ಭಾರ ಚಕ್ರಗಳ ಮೇಲಿರಬೇಕು. ಕಾರು ಲಿಫ್ಟಿನಲ್ಲಿ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ಸವಾರಿ ಬಿಗಿಯಾಗುತ್ತದೆ, ಬುಶ್ ಕೂಡ ಬೇಗ ಹರಿಯುತ್ತದೆ. ರಬ್ಬರ್ ಬದಲು ಪಾಲಿಯುರಿಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬುಶ್ ಹಾಕಿಸಿದ ಕಾರುಗಳೂ ಸಿಗುತ್ತವೆ. ಬಾಳಿಕೆ ಚೆನ್ನಾಗಿರಬಹುದು, ಆದರೆ ರಸ್ತೆಯ ಗುರ್ ಗುರ್ ಎಲ್ಲ ಒಳಗೆ ಬರುತ್ತದೆ.

ಬಟನ್ ಒತ್ತಿ ಮೆತ್ತಗೂ ಬಿಗಿಯೂ ಮಾಡಬಹುದಾದ ಡ್ಯಾಂಪರ್ ಇರುವ ಕಾರು ಕೊಳ್ಳುವವರು ಆ ಬಟನ್ ಒತ್ತಿ ಓಡಿಸಿ ನೋಡಲಿ. ಒಂದು ಹಾಳಾಗಿದ್ದಕ್ಕೆ ನಾಲ್ಕನ್ನೂ ಕಿತ್ತು ಸಾದಾ ಬಿಗಿ ಡ್ಯಾಂಪರ್ ಹಾಕಿ ಮಾರುವವರಿದ್ದಾರೆ. ಬಟನ್ ಅಲ್ಲೇ ಇರುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ.

ಇಷ್ಟು ಉದ್ದ ಬರೆದದ್ದಕ್ಕೆ ಕ್ಷಮಿಸಿ. ನನ್ನ ಕಾರಿಗೆ ಅದರ ಮೂಲ ಅಳತೆಯ ಸ್ಪ್ರಿಂಗ್, ಹೊಸ ಬಂಪ್ ಸ್ಟಾಪ್, ಮೂಲದಂತೆ 17 ಇಂಚಿನ ಚಕ್ರ ಹಾಕಿಸಿದೆ. ಅಮ್ಮ ಈಗ ಬರುತ್ತಾರೆ. ತಿರುವಿನಲ್ಲಿ ಕಾರು ಮೊದಲಿಗಿಂತ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಯಾಕೆಂದರೆ ಚಕ್ರ ಈಗ ಗಾಳಿಯಲ್ಲಿ ಹಾರದೆ ನೆಲದ ಮೇಲಿದೆ.

ನನ್ನ ಕೋರಿಕೆ ಇಷ್ಟೇ. ಹಳೆಯ ಕಾರನ್ನು ಓಡಿಸಿ ಅದು ಗಡುಸು ಅಂತ ಬರೆಯುವಾಗ ಟೈರಿನ ಅಳತೆ ಏನು, ಯಾವ ವಾರದ್ದು, ಗಾಳಿ ಎಷ್ಟಿತ್ತು, ಸ್ಪ್ರಿಂಗ್ ಮೂಲದ್ದೇ ಹೌದಾ ಅಂತ ಎರಡು ಸಾಲು ಸೇರಿಸಿ. ಆ ಲೇಖನದಲ್ಲಿ ಸೊಂಟ ಮುರಿಯಿತು ಅಂತ ಬರೆದ ಕಾರಿನ ಬಗ್ಗೆಯೂ ಲೇಖಕರನ್ನು ಕೇಳಿ, ಉತ್ತರವನ್ನು ಇದೇ ಅಂಕಣದಲ್ಲಿ ಹಾಕಿ.

ಇಂತಿ,
ನಿಮ್ಮ ಓದುಗ