ಮಗಳಿಗೊಂದು ಪತ್ರ: ಓದಲು ಬಾರದ ಕಾಗದ

ಬಸವನಗುಡಿ, ಬೆಂಗಳೂರು

ಚಿ. ವೀಣಾಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ಮಾತಿಗಿಂತ ಅಳುವೇ ಹೆಚ್ಚು ಕೇಳಿಸಿತು. ನಾನೂ ಸಮಾಧಾನ ಹೇಳುವ ಭರದಲ್ಲಿ ಹೇಳಲೇಬೇಕಾದದ್ದನ್ನು ಬಿಟ್ಟೆ. ಅದಕ್ಕಾಗಿ ಬೆಳಗಿನ ಕಾಫಿಗೂ ಮೊದಲೇ ಬರೆಯಲು ಕುಳಿತಿದ್ದೇನೆ. ಹಾಳೆಗಳ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇನೆ. ಠಾಣೆಗೆ ಹೋಗುವ ಮುನ್ನ ಎರಡು ಸಲ ಓದು.

ಥಾಯ್ಲೆಂಡಿನ ಚಿಯಾಂಗ್ ಮಾಯ್‌ನ ಓಣಿಯೊಂದರಲ್ಲಿ, ತರಕಾರಿ ಚೀಲ ಹಿಡಿದು ರಸ್ತೆ ದಾಟುತ್ತಿದ್ದ ಹಿರಿಯ ಹೆಂಗಸಿಗೆ ನಿನ್ನ ಬಾಡಿಗೆ ಸ್ಕೂಟರ್ ತಗುಲಿ ಅವರ ಮುಂಗೈ ಮೂಳೆ ಮುರಿದಿದೆ. ನೀನು ಅಲ್ಲಿಂದ ಕಾಲ್ಕೀಳದೆ, ಆಂಬುಲೆನ್ಸ್ ಬರುವವರೆಗೆ ಅವರ ಪಕ್ಕದಲ್ಲೇ ಕುಳಿತಿದ್ದೆ. ಆಮೇಲೆ ಠಾಣೆಯಲ್ಲಿ ಥಾಯ್ ಲಿಪಿಯ ಎರಡು ಹಾಳೆಗಳನ್ನು ಮುಂದಿಟ್ಟು ಸಹಿ ಕೇಳಿದಾಗ, ಓದಲು ಬರುವುದಿಲ್ಲವೆಂದು ಹೇಳಿ ನಾಳೆಯವರೆಗೆ ಸಮಯ ಕೇಳಿಕೊಂಡು ಬಂದೆ. ಈ ಎರಡೂ ಕೆಲಸಗಳನ್ನು ನೀನು ಸರಿಯಾಗಿಯೇ ಮಾಡಿದ್ದೀಯೆ.

ಮೂವತ್ತೊಂದು ವರ್ಷ ಮೋಟಾರು ಅಪಘಾತ ಪರಿಹಾರದ ನ್ಯಾಯಾಲಯದಲ್ಲಿ ಬೆಂಚ್ ಕ್ಲರ್ಕ್ ಆಗಿದ್ದ ನಾನು ಕಂಡುಕೊಂಡದ್ದು ಒಂದೇ: ಅಪಘಾತ ಕ್ಷಣದಲ್ಲಿ ಮುಗಿಯುತ್ತದೆ, ಆದರೆ ಮೊದಲ ದಿನ ಬರೆದ ಕಾಗದ ವರ್ಷಗಟ್ಟಲೆ ಉಳಿಯುತ್ತದೆ. ಲಾರಿ ಗುದ್ದಿ ಕಾಲು ಕಳೆದುಕೊಂಡ ಗಾರೆ ಕೆಲಸದವನೊಬ್ಬನ ಕಡತ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಯಾರೋ ಬರೆದುಕೊಂಡ ಹೇಳಿಕೆಯ ಕೊನೆಯಲ್ಲಿ ಅವನ ಹೆಬ್ಬೆಟ್ಟಿತ್ತು, ಮಧ್ಯದಲ್ಲಿ "ನಾನು ನೋಡದೆ ಅಡ್ಡ ಬಂದೆ" ಎಂಬ ಸಾಲಿತ್ತು. ತಾನು ಹಾಗೆ ಹೇಳಲೇ ಇಲ್ಲವೆಂದು ಅವನು ಕಟಕಟೆಯಲ್ಲಿ ಎಷ್ಟು ಗೋಗರೆದರೂ ಆ ಸಾಲು ಅಳಿಯಲಿಲ್ಲ. ಅವನದೂ ಅರ್ಧ ತಪ್ಪೆಂದು ಲೆಕ್ಕ ಹಾಕಿ ಪರಿಹಾರ ಅರ್ಧಕ್ಕೆ ಇಳಿಯಿತು. ಅವನಿಗಾದರೋ ಭಾಷೆ ಗೊತ್ತಿತ್ತು, ಓದು ಗೊತ್ತಿರಲಿಲ್ಲ. ನಿನಗೆ ಅಲ್ಲಿ ಎರಡೂ ಗೊತ್ತಿಲ್ಲ.

ಆದ್ದರಿಂದ ದುಭಾಷಿಯಿಲ್ಲದೆ ಯಾವ ಹಾಳೆಗೂ ಸಹಿ ಮಾಡಬೇಡ. ಕ್ರಿಮಿನಲ್ ಆರೋಪ ಎದುರಿಸುವವರಿಗೆ ನ್ಯಾಯಾಲಯದ ಭಾಷೆ ಬಾರದಿದ್ದರೆ ದುಭಾಷಿಯ ನೆರವನ್ನು ಉಚಿತವಾಗಿ ಕೊಡಬೇಕೆಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ಹೇಳುತ್ತದೆ. ಥಾಯ್ಲೆಂಡೂ ಅದಕ್ಕೆ ಬದ್ಧವಾದ ದೇಶ. ಠಾಣೆಯ ಹಂತದಲ್ಲೇ ದುಭಾಷಿಯನ್ನು ಕೇಳು, ಪ್ರವಾಸಿ ಪೊಲೀಸರ 1155 ಸಂಖ್ಯೆಗೂ ಕರೆ ಮಾಡು. ಅನುವಾದ ಕೈಗೆ ಬಂದಾಗ ಜಾಗ, ಸಮಯ, ನೀನು ಹೋಗುತ್ತಿದ್ದ ದಿಕ್ಕು, ಇವನ್ನು ಬೆರಳಿಟ್ಟು ಹೋಲಿಸು. ವರ್ಷ ನೋಡಿ ಗಾಬರಿಯಾಗಬೇಡ, ಅವರದು ಬುದ್ಧ ಶಕ. ನಮ್ಮ ಇಸವಿಗೆ 543 ಕೂಡಿಸಿದರೆ ಅವರ ವರ್ಷ ಬರುತ್ತದೆ.

ರಾತ್ರಿ ನಿದ್ದೆ ಬಾರದೆ ಆ ದೇಶದ ದಂಡಸಂಹಿತೆಯ ಇಂಗ್ಲಿಷ್ ಅನುವಾದವನ್ನು ಓದಿದೆ. ನಮ್ಮಲ್ಲಿ ಮೂಳೆ ಮುರಿದರೆ ಸಾಕು, ಅದು ತೀವ್ರ ಗಾಯ. ಅಲ್ಲಿಯ ಪಟ್ಟಿಯಲ್ಲಿ ಮೂಳೆ ಮುರಿತವೆಂಬ ಮಾತೇ ಇಲ್ಲ, ಗಾಯಾಳು 20 ದಿನಗಳಿಗಿಂತ ಹೆಚ್ಚು ಕಾಲ ತೀವ್ರ ನೋವು ಅನುಭವಿಸಿದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಗಾಯ ತೀವ್ರವೆನಿಸುತ್ತದೆ. ಆ ಮಿತಿಯೊಳಗಿದ್ದರೆ 390ನೇ ಕಲಮಿನ ಸಣ್ಣ ಅಪರಾಧ, ದಂಡ ಕಟ್ಟಿ ಮುಗಿಸಬಹುದು. ಮೀರಿದರೆ 300ನೇ ಕಲಮು, 3 ವರ್ಷದವರೆಗೆ ಸಜೆ ಇಲ್ಲವೆ 60,000 ಬಾಹ್ತ್‌ವರೆಗೆ ದಂಡ, ಅಥವಾ ಎರಡೂ. ಮುಂಗೈ ಮೂಳೆ 20 ದಿನದಲ್ಲಿ ಕೂಡುವುದು ಕಷ್ಟ. ಹಾಗಾಗಿ ಎರಡನೆಯದಕ್ಕೇ ಸಿದ್ಧಳಾಗಿರು. ಅಂಥ ಪ್ರಕರಣದಲ್ಲಿ ಪರಿಹಾರದ ರಾಜಿಯಾದ ಮಾತ್ರಕ್ಕೆ ಮೊಕದ್ದಮೆ ಮುಚ್ಚುವುದಿಲ್ಲ. ಕಡತ ಸರ್ಕಾರಿ ಅಭಿಯೋಜಕರ ಬಳಿಗೆ ಹೋಗುತ್ತದೆ, ಶಿಕ್ಷೆ ನಿರ್ಧರಿಸುವಾಗ ಮಾತ್ರ ರಾಜಿ ಲೆಕ್ಕಕ್ಕೆ ಬರುತ್ತದೆ. "ಇಷ್ಟು ದುಡ್ಡು ಕೊಟ್ಟರೆ ಎಲ್ಲ ಮುಗಿಯಿತು" ಎಂದು ಯಾರಾದರೂ ಹೇಳಿದರೆ, ಏನು ಮುಗಿಯಿತು ಎಂಬುದನ್ನು ವಕೀಲರ ಎದುರು ಬರವಣಿಗೆಯಲ್ಲಿ ಕೇಳು.

ಆ ಹೆಂಗಸಿನ ಚಿಕಿತ್ಸೆಯ ಖರ್ಚಿಗೆ ಮೊದಲು ಸ್ಕೂಟರಿನ ಕಡ್ಡಾಯ ವಿಮೆಯನ್ನು ಹುಡುಕು. ತಪ್ಪು ಯಾರದೆಂದು ನೋಡದೆ 30,000 ಬಾಹ್ತ್‌ವರೆಗೆ, ಹೊಣೆ ತೀರ್ಮಾನವಾದ ಮೇಲೆ ಒಟ್ಟು 80,000ದವರೆಗೆ ಅದರಿಂದ ಚಿಕಿತ್ಸೆಗೆ ಸಿಗುತ್ತದೆ. ನೀನು ಇಲ್ಲಿ ಮಾಡಿಸಿದ ಪ್ರವಾಸ ವಿಮೆಯನ್ನು ಇದಕ್ಕೆ ನಂಬಿಕೊಳ್ಳಬೇಡ. ಅಂಥ ಪಾಲಿಸಿಗಳು ಸಾಮಾನ್ಯವಾಗಿ ವಾಹನ ಓಡಿಸಿ ಬೇರೆಯವರಿಗೆ ಮಾಡಿದ ಹಾನಿಯನ್ನು ಹೊರಗಿಟ್ಟಿರುತ್ತವೆ. ಜಯನಗರದ ಆರ್‌ಟಿಒಗೆ ನಿನ್ನನ್ನು ಎಳೆದುಕೊಂಡು ಹೋಗಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿದಾಗ ನೀನು ಮೂರು ದಿನ ಮುಖ ಊದಿಸಿಕೊಂಡಿದ್ದೆ. ಆ ಪುಸ್ತಿಕೆಯನ್ನೂ ಮೂಲ ಲೈಸೆನ್ಸನ್ನೂ ಒಟ್ಟಿಗೆ ಇಟ್ಟುಕೊ.

ಸ್ಕೂಟರ್ ಅಂಗಡಿಯವನಿಗೆ ಪಾಸ್‌ಪೋರ್ಟನ್ನು ಅಡವಿಟ್ಟಂತೆ ಕೊಟ್ಟಿದ್ದು ಮಾತ್ರ ನನಗೆ ಸ್ವಲ್ಪವೂ ಹಿಡಿಸಲಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು, ಒತ್ತೆಯಿಡಲು ಅದು ನಿನ್ನದೂ ಅಲ್ಲ. ನಗದು ಠೇವಣಿ ಕೊಟ್ಟು ಇಂದೇ ಬಿಡಿಸಿಕೊ, ಕೊಡದಿದ್ದರೆ ನಮ್ಮ ಕಾನ್ಸುಲೇಟಿಗೆ ತಿಳಿಸು. ಅದು ಚಿಯಾಂಗ್ ಮಾಯ್‌ನಲ್ಲೇ ಇದೆ. ವಿದೇಶಿಯನ್ನು ಬಂಧಿಸಿದಾಗ ಆತ ಬಯಸಿದರೆ ಅವನ ದೇಶದ ಕಾನ್ಸುಲೇಟಿಗೆ ವಿಳಂಬವಿಲ್ಲದೆ ತಿಳಿಸಬೇಕೆಂದು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಹೇಳುತ್ತದೆ. ನಿನ್ನನ್ನು ಬಂಧಿಸಿಲ್ಲ, ಆದರೂ ಈಗಲೇ ಹೋಗಿ ಹೆಸರು ಬರೆಸು. ಅವರು ನಿನ್ನ ಪರ ವಾದಿಸುವುದಿಲ್ಲ, ಕೇಸು ಬಿಡಿಸುವುದೂ ಇಲ್ಲ. ಸ್ಥಳೀಯ ವಕೀಲರ ಪಟ್ಟಿ ಕೊಡುತ್ತಾರೆ, ನಮ್ಮೊಂದಿಗೆ ಸಂಪರ್ಕದಲ್ಲಿರುತ್ತಾರೆ.

ನಿನ್ನ ಚಿಕ್ಕಪ್ಪ ಫೋನು ಮಾಡಿ, "ಭಾನುವಾರದ ಟಿಕೆಟ್ ಇದೆಯಲ್ಲ, ಸುಮ್ಮನೆ ವಿಮಾನ ಹತ್ತಲಿ" ಎಂದ. ನಾನು ಅವನೊಂದಿಗೆ ಜಗಳವಾಡಿದೆ. ವಾರಂಟ್ ಹೊರಡುವ ಭಯ ಒಂದಾದರೆ, ಬ್ಯಾಂಡೇಜು ಕಟ್ಟಿಕೊಂಡು ಹಾಸಿಗೆಯಲ್ಲಿರುವವರಿಗೆ ನಾವು ಯಾವ ಮುಖ ತೋರಿಸುವುದು ಎಂಬುದು ಇನ್ನೊಂದು. ಟಿಕೆಟ್ ರದ್ದು ಮಾಡು. ವೀಸಾದ ದಿನಗಳು ಮುಗಿಯುವ ಮೊದಲೇ ವಲಸೆ ಕಚೇರಿಯಲ್ಲಿ ವಿಸ್ತರಣೆ ಕೇಳು.

ಅವರನ್ನು ನೋಡಲು ಆಸ್ಪತ್ರೆಗೆ ಹೋಗು, ಹಣ್ಣು ತೆಗೆದುಕೊಂಡು ಹೋಗು, ಕೈ ಮುಗಿದು ನೋವಾಯಿತೆಂದು ಹೇಳು. ಆದರೆ ಅಲ್ಲಿ ಯಾರು ಎಷ್ಟು ವೇಗದಲ್ಲಿದ್ದರು, ತಪ್ಪು ಯಾರದು ಎಂಬ ಮಾತು ಬೇಡ. ನಿನ್ನ ತಪ್ಪಿದ್ದರೆ ಅದನ್ನು ಒಂದಕ್ಷರ ಬಿಡದೆ ವಕೀಲರಿಗೆ ಹೇಳು. ನನಗೂ ಹೇಳಬಹುದು, ನಾನು ಬೈಯುವುದಿಲ್ಲ.

ನನ್ನ ಪಾಸ್‌ಪೋರ್ಟ್ ಅವಧಿ ಮುಗಿದಿದೆ. ತತ್ಕಾಲ್‌ನಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಗುರುವಾರಕ್ಕೆ ಸಮಯ ಸಿಕ್ಕಿದೆ. ಪುಸ್ತಕ ಕೈಗೆ ಬಂದೊಡನೆ ಹೊರಡುತ್ತೇನೆ.

ಆ ಹೆಂಗಸಿನ ಹೆಸರೇನೆಂದು ನೀನು ಹೇಳಲೇ ಇಲ್ಲ. ಕೇಳಿ ತಿಳಿಸು. ದೊಡ್ಡ ಗಣಪತಿ ಗುಡಿಯಲ್ಲಿ ಅವರ ಹೆಸರಿನಲ್ಲಿ ಅರ್ಚನೆ ಮಾಡಿಸಬೇಕೆಂದು ಅಮ್ಮ ಬೆಳಗಿನಿಂದ ಕೇಳುತ್ತಿದ್ದಾಳೆ. ನಕ್ಷತ್ರ ಗೊತ್ತಿಲ್ಲದಿದ್ದರೂ ನಡೆಯುತ್ತದಂತೆ.

ಇಂತಿ,
ನಿನ್ನ ಅಪ್ಪ